ವಿಷ ಕೊಡದ ಗುಂಪಿನ ಪಾಠ

ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಕಲಿಸುವ ನನ್ನ ಮೇಜಿಗೆ ಒಂದು ಬಗೆಯ ಎಂ.ಫಾರ್ಮ ಪ್ರಬಂಧ ವರ್ಷಾವರ್ಷ ತಪ್ಪದೆ ಬರುತ್ತದೆ. ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಇಲಿಯ ಲಿವರ್ ಕೆಡಿಸುವುದು, ಸೊಪ್ಪಿನ ಸಾರ ಕೊಟ್ಟು ಅದನ್ನು ಕಾಯುವುದು. ನೆಲನೆಲ್ಲಿ, ಗರುಗ, ಅಮೃತಬಳ್ಳಿ, ನುಗ್ಗೆ ಎಂದು ಗಿಡ ಬದಲಾಗುತ್ತದೆ. ತೀರ್ಮಾನ ಬದಲಾಗುವುದು ಅಪರೂಪ.

ಆ ತೀರ್ಮಾನ ಸುಳ್ಳಲ್ಲ. ಒಂದು ಕಾಲದಲ್ಲಿ ಡ್ರೈಕ್ಲೀನಿಂಗ್‌ಗೂ ಬೆಂಕಿ ನಂದಿಸಲಿಕ್ಕೂ ಬಳಸುತ್ತಿದ್ದ ಈ ದ್ರಾವಕವನ್ನು ಲಿವರಿನ ಕಿಣ್ವವೇ ಒಡೆದು ಫ್ರೀ ರ್‍ಯಾಡಿಕಲ್ ಆಗಿಸುತ್ತದೆ. ಅದು ಜೀವಕೋಶದ ಪೊರೆಯಲ್ಲಿರುವ ಕೊಬ್ಬಿನ ಅಣುಗಳನ್ನು ಒಂದಾದ ಮೇಲೊಂದು ಕೆಡಿಸುತ್ತ ಹೋಗುತ್ತದೆ. ಸಸ್ಯದ ಆ್ಯಂಟಿಆಕ್ಸಿಡೆಂಟ್‌ಗಳು ಆ ಸರಣಿಯನ್ನು ನಡುವೆಯೇ ತುಂಡರಿಸಬಲ್ಲವು. ಟ್ರೇನಲ್ಲಿಟ್ಟ ಅಂಗ ನೋಡಿದರೇ ಗೊತ್ತಾಗುತ್ತದೆ: ಆರೋಗ್ಯವಂತ ಇಲಿಯದು ನುಣುಪಾದ ಕಡುಗೆಂಪು, ವಿಷ ಬಿದ್ದದ್ದು ಮಾಸಲು ಹಳದಿ, ಮುಟ್ಟಿದರೆ ಜಿಡ್ಡು. ಸಾರ ಕುಡಿದದ್ದು ಇವೆರಡರ ನಡುವೆ.

ಆದರೆ ಇದನ್ನೇ ಹಿಡಿದುಕೊಂಡು ‘ಕೆಮಿಕಲ್ ಕೆಲಸ ಮಾಡುವವರು ಈ ಕಷಾಯ ಕುಡಿಯಿರಿ’ ಎಂದು ಹೇಳುವುದನ್ನು ನಾನು ಒಪ್ಪಲಾರೆ. ಪ್ರಯೋಗದಲ್ಲಿ ಸಾರ ಕೊಡಲು ಶುರುಮಾಡುವುದು ಸಾಮಾನ್ಯವಾಗಿ ವಿಷಕ್ಕೆ ಒಂದು ವಾರ ಮೊದಲು. ವಿಷ ಯಾವತ್ತು, ಎಷ್ಟು ಎಂಬುದು ನಮಗೆ ಮೊದಲೇ ಗೊತ್ತು. ಶೆಡ್ಡಿನಲ್ಲಿ ಲೋಹದ ಬಿಡಿಭಾಗಗಳನ್ನು ಟ್ರೈಕ್ಲೋರೊಎಥಿಲೀನ್‌ನಲ್ಲಿ ಅದ್ದಿ ಜಿಡ್ಡು ತೆಗೆಯುವ ಹುಡುಗ ಅದರ ಹಬೆಯನ್ನು ಪಾಳಿಯುದ್ದಕ್ಕೂ, ವರ್ಷಗಟ್ಟಲೆ ಉಸಿರಾಡುತ್ತಾನೆ. ಮೂತ್ರಪಿಂಡದ ಕ್ಯಾನ್ಸರ್ ತರುವ ರಾಸಾಯನಿಕ ಅದು.

ಇನ್ನು ಪ್ರಮಾಣದ ಮಾತು. ಪ್ರಬಂಧಗಳಲ್ಲಿ ಹೆಚ್ಚಾಗಿ ಕಾಣುವುದು ಇಲಿಯ ಕಿಲೋ ತೂಕಕ್ಕೆ 400 ಮಿಲಿಗ್ರಾಂ ಸಾರ. ಮನುಷ್ಯನಿಗೆ ಹೊಂದಿಸಿದರೆ 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 4 ಗ್ರಾಂ. ಹತ್ತು ಪಾಲು ಒಣಸೊಪ್ಪಿನಿಂದ ಒಂದು ಪಾಲು ಸಾರ ಇಳಿಯುತ್ತದೆಂದರೂ 40 ಗ್ರಾಂ ಒಣಸೊಪ್ಪು ಬೇಕು, ಅದೂ ದಿನಾ. ಸೊಪ್ಪಲ್ಲವೇ, ಏನಾದೀತು ಎನ್ನುವಂತಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಲಿವರೇ ಕೆಟ್ಟದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು.

ಕಾರ್ಮಿಕರ ಮೇಲೆಯೇ ಆ್ಯಂಟಿಆಕ್ಸಿಡೆಂಟ್ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದಿದೆ. ಅಮೆರಿಕದ ‘ಕ್ಯಾರೆಟ್’ ಪ್ರಯೋಗದಲ್ಲಿ 18,314 ಮಂದಿ ಧೂಮಪಾನಿಗಳು ಮತ್ತು ಕಲ್ನಾರಿನ ದೂಳಿನಲ್ಲಿ ದುಡಿದವರಿದ್ದರು. ಶ್ವಾಸಕೋಶದ ಕ್ಯಾನ್ಸರ್ ತಡೆಯಬಹುದೆಂದು ಅವರಲ್ಲಿ ಒಂದು ಗುಂಪಿಗೆ ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಟ್ಟರು. ಆ ಗುಂಪಿನಲ್ಲೇ ಕ್ಯಾನ್ಸರ್ ಶೇ 28ರಷ್ಟು, ಸಾವು ಶೇ 17ರಷ್ಟು ಹೆಚ್ಚು ಕಂಡಿತು. 1996ರಲ್ಲಿ ಅವಧಿಗೆ ಮುಂಚೆಯೇ ಮಾತ್ರೆ ನಿಲ್ಲಿಸಿದರು. ರೋಗಕ್ಕೆ ಮೂಲವಾದ ದೂಳು ಯಾವಾಗಲೋ ಎದೆ ಸೇರಿತ್ತು.

ನಮ್ಮ ಪ್ರತಿ ಪ್ರಬಂಧದಲ್ಲೂ ಇನ್ನೊಂದು ಗುಂಪು ಇರುತ್ತದೆ. ಅದಕ್ಕೆ ಸಾರವೂ ಇಲ್ಲ, ವಿಷವೂ ಇಲ್ಲ. ಕೋಷ್ಟಕದ ಮೊದಲ ಸಾಲಿನಲ್ಲಿ ಬರುವ ಆ ಇಲಿಗಳ ಬಗ್ಗೆ ಚರ್ಚಾ ಅಧ್ಯಾಯದಲ್ಲಿ ಒಂದು ವಾಕ್ಯವೂ ಇರುವುದಿಲ್ಲ. ಯಾವ ಗಿಡದ ಸಾರವೂ ಆ ಗುಂಪಿಗಿಂತ ಒಳ್ಳೆಯ ಲಿವರ್ ಕೊಟ್ಟದ್ದನ್ನು ನಾನು ಕಂಡಿಲ್ಲ. ಕಾರ್ಮಿಕರನ್ನು ಸೇರಿಸಬೇಕಾದದ್ದು ಆ ಗುಂಪಿಗೆ.

ಅದಕ್ಕೆ ದಾರಿ ಹೊಸದಾಗಿ ಹುಡುಕಬೇಕಿಲ್ಲ. ದೂಳು, ಹಬೆ ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲೇ ಅದನ್ನು ಎಳೆದು ಹೊರಹಾಕುವ ಸಾಧನ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಪಾಳಿ ಮುಗಿದ ಮೇಲೆ ಹಾಲು, ಬೆಲ್ಲ, ಬಾಳೆಹಣ್ಣು ಕೊಡುವ ಮಾಲೀಕರಿದ್ದಾರೆ. ಕೊಡಲಿ, ಒಳ್ಳೆಯದೇ. ಆದರೆ ತೊಟ್ಟಿಗೆ ಮುಚ್ಚಳ, ಅದರ ಬಾಯಿಗೆ ಎಕ್ಸಾಸ್ಟ್, ಕಾರ್ಮಿಕರಿಗೆ ನಿಯಮಿತ ರಕ್ತಪರೀಕ್ಷೆ, ಅದರ ವರದಿ ಅವರ ಕೈಗೇ ಸಿಗುವ ಏರ್ಪಾಡು ಇವು ಮೊದಲು ಆಗಬೇಕು.

ಈ ಕೆಲಸದಲ್ಲಿ ಸಸ್ಯಕ್ಕೂ ಪಾಲಿದೆ. ದ್ರಾವಕದ ಹಬೆ ತಡೆಯುವ ಮುಖವಾಡದ ಡಬ್ಬಿಯಲ್ಲಿ ತುಂಬುವ ಸಕ್ರಿಯ ಇದ್ದಿಲನ್ನು ತೆಂಗಿನ ಚಿಪ್ಪಿನಿಂದ ಮಾಡುತ್ತಾರೆ. ಅದೇ ಇದ್ದಿಲು ತುಂಬಿದ ಸಣ್ಣ ಗಾಜಿನ ಕೊಳವೆಯನ್ನು ಕಾರ್ಮಿಕರ ಕಾಲರಿಗೆ ಸಿಕ್ಕಿಸಿ, ಪುಟ್ಟ ಪಂಪಿನಿಂದ ಗಾಳಿ ಹಾಯಿಸಿದರೆ ಅವರು ಉಸಿರಾಡುವ ವಿಷವೆಷ್ಟೆಂದು ಅಳೆಯಬಹುದು. ನಮ್ಮ ಕಾಲೇಜುಗಳು ಮುಂದಿನ ವರ್ಷದ ಪ್ರಬಂಧಗಳಲ್ಲಿ ಒಂದಷ್ಟನ್ನಾದರೂ ಈ ಅಳತೆಗೆ ಮೀಸಲಿಡಲಿ. ಇಲಿಗಳಿಗೆ ಹಾಕುವ ಹಣ ಅದಕ್ಕೂ ಸಾಕಾಗುತ್ತದೆ.