ಹಿಮದ ಮರಿಬಂಡಿ

ಕೆನಡ ದೇಶದ ಕ್ವಿಬೆಕ್ ಪ್ರಾಂತದಲ್ಲಿ ಚಳಿಗಾಲವೆಂದರೆ ನೆಲವೆಲ್ಲ ಹಿಮ. 1934ರಲ್ಲಿ ಅಲ್ಲಿನ ವಾಲ್‌ಕೂರ್ ಎಂಬ ಊರಿನ ಗ್ಯಾರೇಜಿನ ಒಡೆಯ ಜೋಸೆಫ್ ಆರ್ಮಾಂಡ್ ಬೊಂಬಾರ್ಡಿಯೆಯ ಎರಡು ವರ್ಷದ ಮಗ ಹೊಟ್ಟೆಯ ಒಳಪೊರೆ ಬಾತು ನರಳುತ್ತಿದ್ದಾಗ, ಆಸ್ಪತ್ರೆಯ ದಾರಿಯನ್ನು ಹಿಮ ಮುಚ್ಚಿತ್ತು. ಮಗು ಉಳಿಯಲಿಲ್ಲ. ತಂದೆ ಕೈಕಟ್ಟಿ ಕೂಡಲಿಲ್ಲ. ಹಿಮದ ಮೇಲೆ ಬಂಡಿಯನ್ನೋಡಿಸುವ ಹಲ್ಲುಚಕ್ರ ಹಾಗೂ ಪಟ್ಟಿಯ ಏರ್ಪಾಟಿಗೆ 1937ರಲ್ಲಿ ಪೇಟೆಂಟು ಪಡೆದನು. 1959ರಲ್ಲಿ ಅವನ ಹಗುರವಾದ ‘ಸ್ಕೀ-ಡೂ’ ಹೊರಬಂದಿತು.

ಆ ವಂಶದ ಮರಿಬಂಡಿಗಳು ಇಂದು ಮಕ್ಕಳ ಆಟಕ್ಕೂ ಒದಗಿವೆ. ಸುಮಾರು 120 ಸಿ.ಸಿ.ಯ ಪುಟ್ಟ ಎಂಜಿನು. ಚಳಿ ಹೆಚ್ಚಿದಂತೆ ಅದಕ್ಕೂ ನಡುಕ. ಎಣ್ಣೆ ಮಂದವಾಗುತ್ತದೆ, ಪೆಟ್ರೋಲು ಸುಲಭವಾಗಿ ಆವಿಯಾಗದು. ಆದುದರಿಂದ ಬಲ್ಲವರು ಚಳಿಗೆ ತಕ್ಕ ತೆಳುವಾದ ಎಣ್ಣೆ ತುಂಬಿ, ಚೋಕ್ ಎಳೆದು ಎಂಜಿನನ್ನು ಎಬ್ಬಿಸಿ, ಕೆಲವು ನಿಮಿಷ ಕಾಯಲು ಬಿಡುತ್ತಾರೆ.

ಕಣ್ಣಿಗೆ ಬೀಳದ ಶತ್ರು ಬೇರೆಯೇ ಇದೆ. ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿಯಲ್ಲಿ ಸ್ವಲ್ಪ ಭಾಗ ಪಿಸ್ಟನ್ನನ್ನು ದಾಟಿ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಎಂಜಿನು ಚೆನ್ನಾಗಿ ಬಿಸಿಯಾಗದಿದ್ದರೆ ಅದು ಅಲ್ಲಿಯೇ ನಿಂತು ಎಣ್ಣೆಯನ್ನು ಹಾಲಿನಂತೆ ಬಿಳುಪಾಗಿಸುತ್ತದೆ. ಉಸಿರುಗೊಳವೆಯಲ್ಲಿ ಅದು ಹೆಪ್ಪುಗಟ್ಟಿತೆಂದರೆ, ಒಳಗಿನ ಒತ್ತಡವೇರಿ ಎಣ್ಣೆಯು ಸೀಲನ್ನು ತಳ್ಳಿಕೊಂಡು ಸುರಿದುಹೋಗುತ್ತದೆ. ಎಣ್ಣೆ ಬರಿದಾದ ಎಂಜಿನು ಹಿಡಿದುಕೊಂಡು ನಿಲ್ಲುತ್ತದೆ.

ಮನೆಯಿಂದ ದೂರ, ಬಯಲ ಹಿಮದಲ್ಲಿ ನಿಂತ ಬಂಡಿ ಆಟಿಕೆಯಲ್ಲ. ಅದರ ಪಕ್ಕದಲ್ಲಿ ನಡುಗುತ್ತಿರುವುದು ಮಗು. ಹೊರಡುವ ಮುನ್ನ ಎಣ್ಣೆಯ ಬಣ್ಣವನ್ನು ನೋಡಿ, ಉಸಿರುಗೊಳವೆ ತೆರೆದಿದೆಯೆ ಎಂದು ಪರೀಕ್ಷಿಸುವುದು ಎರಡು ನಿಮಿಷದ ಕೆಲಸ. ಹಿಮದಿಂದ ಮಗನನ್ನು ಕಳೆದುಕೊಂಡ ತಂದೆ ಕಂಡುಕೊಂಡ ಬಂಡಿಗೆ ಅಷ್ಟಾದರೂ ಎಚ್ಚರ ಸಲ್ಲಬೇಡವೆ?