‘ಸಿಸು’ವಿನ ಭಜನೆ ಸಾಕು

ಫಿನ್ಲೆಂಡಿನ ಓಟಗಾರನೋ ಮೋಟಾರು ಪಂದ್ಯಗಾರನೋ ಗೆದ್ದನೆಂದರೆ ನಮ್ಮ ಕ್ರೀಡಾಪಂಡಿತರು ಒಂದೇ ಮಂತ್ರವನ್ನು ಜಪಿಸುತ್ತಾರೆ: ‘ಸಿಸು’. ಎದೆಗುಂದದ ಹಟವೆಂದು ಆ ಫಿನ್ನಿಷ್ ಮಾತಿನ ಸ್ಥೂಲವಾದ ಅರ್ಥ. ಹಿಮದ ನಾಡು, ಕಲ್ಲೆದೆಯ ಜನ, ರಕ್ತದಲ್ಲೇ ಬಂದ ಗುಣ; ಅಲ್ಲಿಗೆ ಚರ್ಚೆ ಮುಗಿಯಿತು! ಇದು ವಿವರಣೆಯಲ್ಲ, ವಿಚಾರ ಮಾಡುವ ಶ್ರಮದಿಂದ ನುಣುಚಿಕೊಳ್ಳುವ ಉಪಾಯವೆಂದು ನನ್ನ ವಾದ.

ಲೆಕ್ಕವನ್ನೇ ನೋಡಿ. 1912ರ ಒಲಿಂಪಿಕ್ಸಿನಲ್ಲಿ ಹಾನ್ನೆಸ್ ಕೋಲೆಹ್ಮೈನೆನ್ ಮೂರು ಚಿನ್ನ ಗೆದ್ದ. 1920ರಿಂದ 1928ರೊಳಗೆ ಪಾವೊ ನುರ್ಮಿ ಒಂಬತ್ತು ಗೆದ್ದ. 1936ರಲ್ಲಿ ಬರ್ಲಿನ್ನಿನ 10,000 ಮೀಟರಿನ ಮೂರು ಪದಕಗಳೂ ಫಿನ್ನರ ಪಾಲಾದವು. 1972 ಮತ್ತು 1976ರಲ್ಲಿ ಲಾಸ್ಸೆ ವಿರೆನ್ 5,000, 10,000 ಮೀಟರುಗಳೆರಡನ್ನೂ ಗೆದ್ದ. ಆಮೇಲೆ? ದೂರದ ಓಟದಲ್ಲಿ ಫಿನ್ಲೆಂಡಿಗೆ ಒಂದು ಒಲಿಂಪಿಕ್ ಚಿನ್ನವೂ ಬಂದಿಲ್ಲ. ಅತ್ತ 1981ರಿಂದ 2023ರೊಳಗೆ ಏಳು ಮಂದಿ ಫಿನ್ನರು ಹದಿನೈದು ಸಲ ವಿಶ್ವ ರ‍್ಯಾಲಿ ಚಾಂಪಿಯನ್ನರಾದರು. ಫಾರ್ಮುಲಾ ಒನ್ನಿನಲ್ಲಿ 1982ರಲ್ಲಿ ಕೆಕೆ ರೋಸ್‌ಬರ್ಗ್, 1998 ಮತ್ತು 1999ರಲ್ಲಿ ಮಿಕಾ ಹ್ಯಾಕಿನೆನ್, 2007ರಲ್ಲಿ ಕಿಮಿ ರೈಕ್ಕೊನೆನ್ ಕಿರೀಟ ಧರಿಸಿದರು. ಹಾಗಾದರೆ ರಕ್ತದ ಗುಣ ಕಾಲಿನಿಂದ ಇಳಿದು ಗೇರಿಗೆ ಹರಿಯಿತೆ?

ವಿರೆನ್ ಮ್ಯೂನಿಕ್ಕಿನಲ್ಲಿ ಬಿದ್ದು, ಎದ್ದು, ವಿಶ್ವದಾಖಲೆಯೊಡನೆ ಗೆದ್ದನಲ್ಲ ಎಂಬ ಆಕ್ಷೇಪ ಬರುತ್ತದೆ. ಬಿದ್ದವನು ಏಳುವುದು ಹಟದಿಂದ, ಒಪ್ಪಿದೆ. ಎದ್ದವನು ದಾಖಲೆ ಮುರಿಯುವುದು ಹಟವೊಂದರಿಂದಲೇ ಆದೀತೆ? ನುರ್ಮಿಯನ್ನು ನೋಡಿ. ತಂದೆ ತೀರಿಕೊಂಡಾಗ ಹನ್ನೆರಡು ವರ್ಷದ ಬಾಲಕ. ಶಾಲೆ ಬಿಟ್ಟು ಕೂಲಿಗೆ ನಿಂತವನು. ಕೈಯಲ್ಲಿ ಗಡಿಯಾರ ಹಿಡಿದು ತನ್ನ ಗತಿಯನ್ನು ತಾನೇ ಅಳೆಯುತ್ತ ಓಡಿದ. 1924ರ ಪ್ಯಾರಿಸ್ಸಿನಲ್ಲಿ 1,500 ಮತ್ತು 5,000 ಮೀಟರಿನ ಅಂತಿಮ ಓಟಗಳು ಒಂದೇ ದಿನ, ಎರಡು ಗಂಟೆಯೂ ಕಳೆಯದೆ ಒಂದರ ಹಿಂದೊಂದು ಬಂದವು. ಎರಡನ್ನೂ ಗೆದ್ದ. ಅದಕ್ಕೆ ಮುಂಚೆಯೇ ಜೂನಿನಲ್ಲಿ ಹೆಲ್ಸಿಂಕಿಯಲ್ಲಿ ಒಂದು ಗಂಟೆಯ ಬಿಡುವಿನಲ್ಲಿ ಎರಡನ್ನೂ ಓಡಿ, ಎರಡರಲ್ಲೂ ವಿಶ್ವದಾಖಲೆ ಮಾಡಿ ತಾಲೀಮು ಮುಗಿಸಿದ್ದ! ಇದು ರಕ್ತವಲ್ಲ ಸ್ವಾಮಿ, ಲೆಕ್ಕಾಚಾರ.

ಮೋಟಾರಿನ ಕಥೆಯೂ ಹಾಗೆಯೇ. ಯುವಾಸ್ಕ್ಯುಲಾದ ಸುತ್ತಿನ ಜಲ್ಲಿ ರಸ್ತೆಗಳಲ್ಲಿ 1951ರಿಂದ ರ‍್ಯಾಲಿ ನಡೆಯುತ್ತಿದೆ. ದಿಣ್ಣೆಯಾಚೆ ರಸ್ತೆ ಎತ್ತ ತಿರುಗುವುದೋ ಕಣ್ಣಿಗೆ ಕಾಣದು. ಪಕ್ಕದಲ್ಲಿ ಕುಳಿತ ಜೊತೆಗಾರ ಮೊದಲೇ ಬರೆದಿಟ್ಟುದನ್ನು ಓದಿ ಹೇಳಬೇಕು. ಆ ದೇಶದಲ್ಲಿ ಸಾಮಾನ್ಯ ಚಾಲಕನಿಗೂ ಜಾರುವ ನೆಲದ ಪಾಠ ಕಡ್ಡಾಯ. 2022ರಲ್ಲಿ ಇಪ್ಪತ್ತೆರಡರ ಹರೆಯಕ್ಕೇ ವಿಶ್ವ ಚಾಂಪಿಯನ್ನನಾದ ಕಾಲೆ ರೋವನ್‌ಪೆರಾ ರ‍್ಯಾಲಿ ಚಾಲಕನ ಮಗ. ಎಂಟರ ವಯಸ್ಸಿಗೇ ಕಾರು ಓಡಿಸುತ್ತಿದ್ದ. ತಂದೆ ಕೊಟ್ಟದ್ದು ರಕ್ತವನ್ನಷ್ಟೇ ಅಲ್ಲ, ಹದಿನಾಲ್ಕು ವರ್ಷಗಳ ಅಭ್ಯಾಸವನ್ನು.

ಈ ಭಜನೆಯಿಂದ ಕೇಡೂ ಉಂಟು. 1984ರಲ್ಲಿ 10,000 ಮೀಟರಿನ ಬೆಳ್ಳಿ ಗೆದ್ದ ಮಾರ್ಟಿ ವೈನಿಯೊ ನಿಷಿದ್ಧ ಔಷಧಿಗಾಗಿ ಪದಕ ಕಳೆದುಕೊಂಡ. ‘ಸಿಸು’ ಅವನನ್ನು ಕಾಯಲಿಲ್ಲ. 1986ರಲ್ಲಿ ಕಾರ್ಸಿಕಾದ ರ‍್ಯಾಲಿಯಲ್ಲಿ ಹೆನ್ರಿ ತೊಯ್ವೊನೆನ್ ತನ್ನ ಜೊತೆಗಾರನೊಡನೆ ಸುಟ್ಟು ಸತ್ತ. ಮರುವರ್ಷದಿಂದ ಆ ಮಿತಿಮೀರಿದ ಶಕ್ತಿಯ ಕಾರುಗಳನ್ನು ನಿಷೇಧಿಸಿದ್ದು ನಿಯಮ, ಎದೆಗಾರಿಕೆಯಲ್ಲ.

ಹುಟ್ಟನ್ನು ಹೊಗಳುವವರು ದುಡಿಮೆಯ ಕೂಲಿಯನ್ನು ಕದಿಯುತ್ತಾರೆ. ಬೇರೆಡೆ ಹುಟ್ಟಿದ ಹುಡುಗನಿಗೆ ‘ಇದು ನಿನ್ನಿಂದಾಗದು’ ಎಂದೂ ಹೇಳಿಬಿಡುತ್ತಾರೆ. ನುರ್ಮಿಯ ಕೈಯಲ್ಲಿದ್ದುದು ಗಡಿಯಾರ. ಅದನ್ನು ತಾಯಿತವೆಂದು ಸಾರುವುದನ್ನು ಇನ್ನಾದರೂ ನಿಲ್ಲಿಸಲಿ.