ಅಮ್ಮ ಮಿನಿಮಲಿಸ್ಟ್ ಅಲ್ಲ ಕಣ್ರೀ

ಮೇ ತಿಂಗಳ ಎರಡನೇ ಭಾನುವಾರ ಬಂತು ಅಂದ್ರೆ ನನ್ನ ಫೋನ್ ತುಂಬಾ ಅಮ್ಮಂದಿರ ಹಳೇ ಸೀರೆಗಳು. ಉಟ್ಟಿರೋದು ಮಗಳು. ಕೆಳಗೆ, ‘ನಮ್ಮಮ್ಮನಿಗೆ ನಾಲ್ಕೇ ಸೀರೆ ಸಾಕಾಗಿತ್ತು, ಸಸ್ಟೈನಬಲ್ ಫ್ಯಾಷನ್ ಕಲಿತಿದ್ದೇ ಅವಳಿಂದ’ ಅಂತ ಎರಡು ಸಾಲು. ಸಾಕಾಗಿತ್ತು ಅಂತ ನಿಮ್ಮಮ್ಮ ಹೇಳಿದ್ರಾ? ಯಾವತ್ತಾದ್ರೂ ಕೇಳಿದ್ದೀರಾ?

ನಮ್ಮೂರು ತುರುವೇಕೆರೆ ತಾಲ್ಲೂಕಿನ ಸಂಪಿಗೆ. ನಮ್ಮ ಕಡೆ ಕಾಯಿ ಕೆಡವಿ, ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಡ್ತೀವಿ. ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದ್ರೆ ಗಿಟುಕು ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ತಿಪಟೂರಿನ ಮಾರುಕಟ್ಟೆಗೆ. ಅವತ್ತು ಎಷ್ಟು ರೇಟೋ ಅಷ್ಟು. ಅಮ್ಮನ ಸೀರೆಯೂ ಆ ಕಾಯಿಗಳ ಜೊತೇಲೇ ಅಟ್ಟದ ಮೇಲೆ ವರ್ಷಪೂರ್ತಿ ಕಾಯ್ತಿತ್ತು. ಸೊಸೈಟಿ ಸಾಲ, ನಮ್ಮ ಫೀಸು, ಅಣ್ಣನ ಪ್ಯಾಂಟು, ಇಷ್ಟೆಲ್ಲ ಆಗಿ ಉಳಿದ್ರೆ ಅವಳಿಗೆ. ಇದಕ್ಕೆ ಮಿನಿಮಲಿಸಂ ಅಂತಾರಾ?

ಹಾಗಂತ ಅವಳಿಂದ ಏನೂ ಕಲಿಯಲಿಲ್ಲ ಅಂತಲ್ಲ. ಕಲಿತಿದ್ದು ತ್ಯಾಗ ಅಲ್ಲ, ವಿದ್ಯೆ. ಅಂಗಡಿಯ ಟ್ಯೂಬ್‌ಲೈಟಲ್ಲಿ ಬಣ್ಣ ನಂಬಬಾರದು, ಬಾಗಿಲಿಗೆ ತಂದು ಬಿಸಿಲಲ್ಲಿ ನೋಡಬೇಕು. ಸೆರಗನ್ನ ಮುಷ್ಟೀಲಿ ಹಿಸುಕಿ, ಬಿಟ್ಟು, ಸುಕ್ಕು ಎಷ್ಟು ಹೊತ್ತು ನಿಲ್ಲುತ್ತೆ ನೋಡಬೇಕು. ಚೂಡಿದಾರ ಕೊಳ್ಳೋದಾದ್ರೆ ಮೊದಲು ಒಳಮಗ್ಗುಲು ತಿರುಗಿಸು, ಹೊಲಿಗೆ ಪಕ್ಕ ಬಟ್ಟೆ ಬಿಟ್ಟಿದ್ದಾನಾ ನೋಡು. ನಾಳೆ ದಪ್ಪ ಆದ್ರೆ ಬಿಚ್ಚೋಕೆ ಬೇಕು. ಹಸಿಮಟ್ಟೆ ಕಲೆ ಒಣಗಿದ್ರೆ ಯಾವ ಸೋಪಿಗೂ ಜಗ್ಗಲ್ಲ, ಒಳ್ಳೇ ಬಟ್ಟೇಲಿ ತೋಟಕ್ಕೆ ಕಾಲಿಟ್ರೆ ಬೈಗುಳ ಗ್ಯಾರಂಟಿ. (‘ನಾಲ್ಕು ಜನ ಏನಂತಾರೆ’ ಅನ್ನೋ ಪಾಠವನ್ನೂ ಹೇಳಿಕೊಟ್ಟಳು. ಅದನ್ನ ನಾನು ಮೆಜೆಸ್ಟಿಕ್‌ನಲ್ಲಿ ಬಸ್ ಇಳಿದ ದಿನವೇ ಬಿಟ್ಟೆ.)

ನಮ್ಮ ಆಫೀಸಲ್ಲಿ ಐದು ಸಾವಿರದ ಕುರ್ತಾ ಹಾಕೋರಿಗೆ ಅದು ಕಾಟನ್ನೋ ಪಾಲಿಯೆಸ್ಟರ್ರೋ ಲೇಬಲ್ ನೋಡದೆ ಗೊತ್ತಾಗಲ್ಲ. ಅಮ್ಮ ಮಾಡೋ ಕೆಲಸಾನೇ ಫ್ಯಾಕ್ಟರೀಲಿ ಮಾಡಿದ್ರೆ ಕ್ವಾಲಿಟಿ ಚೆಕ್ ಅಂತ ಸಂಬಳ ಕೊಡ್ತಾರೆ. ಅಮ್ಮನಿಗೆ ಸಿಗೋದು, ‘ಪಾಪ, ಎಷ್ಟು ಸಿಂಪಲ್!’

ಹೋದ ದೀಪಾವಳಿಗೆ ತಿಪಟೂರಿಗೆ ಕರ್ಕೊಂಡು ಹೋಗಿ, ‘ಒಂದು ಒಳ್ಳೇದು ಆರಿಸಮ್ಮ’ ಅಂದೆ. ಐದು ಸೀರೆ ಒಂದೊಂದಾಗಿ ಬಾಗಿಲಿಗೆ ತಂದಳು, ಹಿಸುಕಿದಳು, ಬಿಸಿಲಿಗೆ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, ‘ಐದೂ ಚೆನ್ನಾಗವೆ ಕಣೇ. ಕಾರ್ಡ್ ತಂದಿದೀಯಾ?’ ಅಂದಳು.